ಬ್ರೇಕ್ ಇಲ್ಲದ ಬೈಕು, ಊರ ನಡುವಿನ ಮಣ್ಣು: ಸ್ಪೀಡ್‌ವೇ ಕ್ರೀಡೆಯ ಕಥೆ

ನಾಲ್ವರು ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷ. ಬೈಕಿಗೆ ಗೇರು ಒಂದೇ. ಬ್ರೇಕು ಇಲ್ಲವೇ ಇಲ್ಲ. ಓಟ ನಡೆಯುವುದು ಡಾಂಬರಿನ ಮೇಲಲ್ಲ, ನೀರು ಚಿಮುಕಿಸಿ ಹದಗೊಳಿಸಿದ ಸಡಿಲ ಮಣ್ಣಿನ ಅಂಡಾಕಾರದ ಅಂಗಳದಲ್ಲಿ. ಮೋಟಾರ್ ಸೈಕಲ್ ಸ್ಪೀಡ್‌ವೇ ಎಂದು ಕರೆಯಲಾಗುವ ಈ ಕ್ರೀಡೆ ಭಾರತದ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಒಂದು ಕಾಲಕ್ಕೆ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣವನ್ನು ತೊಂಬತ್ತು ಸಾವಿರ ಪ್ರೇಕ್ಷಕರಿಂದ ತುಂಬಿಸಿದ, ಇಂದಿಗೂ ಪೋಲೆಂಡಿನಲ್ಲಿ ಫುಟ್‌ಬಾಲಿಗೆ ಸರಿಸಾಟಿಯಾಗಿ ಜನರನ್ನು ಸೆಳೆಯುವ ಕ್ರೀಡೆ ಇದು. ಇದೇ ಅಂಗಳಗಳಲ್ಲಿ ಪುಟ್ಟ ಕಾರುಗಳ ಓಟವೂ ಬೆಳೆದು ಬಂದಿದೆ. ಎರಡರ ಹಣೆಬರಹವೂ ಒಂದೇ ವಸ್ತುವಿಗೆ ಅಂಟಿಕೊಂಡಿದೆ: ಊರಿನ ನಡುವಿನ ಒಂದಷ್ಟು ನೆಲ.

ಯಂತ್ರ: ಸ್ಪೀಡ್‌ವೇ ಬೈಕು ನೋಡಲು ಅರ್ಧಕ್ಕೆ ನಿಲ್ಲಿಸಿದ ಕೆಲಸದಂತೆ ಕಾಣುತ್ತದೆ. ದೀಪವಿಲ್ಲ, ವೇಗಮಾಪಕವಿಲ್ಲ, ಹಿಂದಿನ ಸೀಟಿಲ್ಲ. ಒಂದೇ ಸಿಲಿಂಡರಿನ, 500 ಸಿಸಿ ಸಾಮರ್ಥ್ಯದ ನಾಲ್ಕು ಸ್ಟ್ರೋಕ್ ಎಂಜಿನ್; ಇಂಧನ ಪೆಟ್ರೋಲ್ ಅಲ್ಲ, ಶುದ್ಧ ಮೆಥನಾಲ್. ಎಂಜಿನ್ನನ್ನು ತಂಪಾಗಿಡುವ ಗುಣ ಮೆಥನಾಲ್‌ಗೆ ಇದೆ. ಆದರೆ ಹೊತ್ತಿಕೊಂಡರೆ ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಬೈಕಿನ ತೂಕ 77 ಕಿಲೋಗಿಂತ ಕಡಿಮೆ ಇರಬಾರದು ಎಂಬುದು ಅಂತಾರಾಷ್ಟ್ರೀಯ ನಿಯಮ. ಅಷ್ಟು ಹಗುರವಾದ ದೇಹಕ್ಕೆ ಸುಮಾರು 80 ಅಶ್ವಶಕ್ತಿ ಸಿಕ್ಕರೆ ಏನಾಗಬಹುದೆಂದು ಊಹಿಸಬಹುದು. ನಿಂತಲ್ಲಿಂದ ಗಂಟೆಗೆ ನೂರು ಕಿ.ಮೀ. ವೇಗ ತಲುಪಲು ಸುಮಾರು ಮೂರು ಸೆಕೆಂಡು ಸಾಕು.

ಬ್ರೇಕ್ ಏಕಿಲ್ಲ ಎಂಬುದು ಮೊದಲ ಬಾರಿ ನೋಡುವ ಎಲ್ಲರ ಪ್ರಶ್ನೆ. ಉತ್ತರ ಸರಳ. ನಾಲ್ಕು ಬೈಕುಗಳು ಒಂದರ ಪಕ್ಕ ಒಂದು ಮೈ ತಾಗಿಸಿಕೊಂಡು ತಿರುವಿಗೆ ನುಗ್ಗುವಾಗ ಮುಂದಿನವನು ಥಟ್ಟನೆ ಬ್ರೇಕ್ ಹಾಕಿದರೆ ಹಿಂದಿನವನಿಗೆ ಉಳಿಗಾಲವಿಲ್ಲ. ಯಾರಿಗೂ ಬ್ರೇಕ್ ಇಲ್ಲದಿದ್ದರೆ ಎಲ್ಲರ ನಡೆಯನ್ನೂ ಎಲ್ಲರೂ ಅಂದಾಜಿಸಬಹುದು. ಅಪಾಯ ಕಡಿಮೆ ಮಾಡುವುದಕ್ಕಾಗಿಯೇ ಬ್ರೇಕ್ ತೆಗೆದಿರುವ ವಾಹನ ಜಗತ್ತಿನಲ್ಲಿ ಹೆಚ್ಚು ಸಿಗಲಾರದು. ಸವಾರನ ಬಲ ಮಣಿಕಟ್ಟಿಗೆ ಒಂದು ದಾರ ಕಟ್ಟಿರುತ್ತದೆ; ಆತ ಬಿದ್ದರೆ ದಾರ ಕಿತ್ತು ಎಂಜಿನ್ ತಾನಾಗಿಯೇ ನಿಲ್ಲುತ್ತದೆ.

ಎಂಜಿನ್ ತಯಾರಕರ ಪಟ್ಟಿಯಲ್ಲಿ ಕನ್ನಡಿಗರಿಗೆ ಚಿರಪರಿಚಿತವಾದ ಹೆಸರೊಂದಿದೆ. 1920ರ ದಶಕದ ಕೊನೆಯಲ್ಲಿ ಬ್ರಿಸ್ಟಲ್ಲಿನ ಡಗ್ಲಸ್, ಆ ಬಳಿಕ ರಡ್ಜ್, 1930ರಿಂದ ಮೂರು ದಶಕಗಳ ಕಾಲ ಲಂಡನ್ನಿನ ಟಾಟನ್‌ಹ್ಯಾಮ್‌ನ ಜೆಎಪಿ ಎಂಜಿನ್‌ಗಳು ಮೆರೆದವು. ಜೆಎಪಿಯನ್ನು ಬದಿಗೆ ಸರಿಸಿದ್ದು ಚೆಕೊಸ್ಲೊವಾಕಿಯಾದ ದಿವಿಶೋವ್ ಪಟ್ಟಣದ ಎಸೊ ಕಾರ್ಖಾನೆ. 1964ರಲ್ಲಿ ಅದು ಜಾವಾ ಸಂಸ್ಥೆಯಲ್ಲಿ ವಿಲೀನವಾಯಿತು. ಹೌದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೂಲಕ ನಮ್ಮ ರಸ್ತೆಗಳಿಗೆ ಬಂದ, 1996ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೂ ಯೆಜ್ಡಿ ಎಂಬ ಹೆಸರಿನಲ್ಲಿ ಉಳಿದ ಅದೇ ಜಾವಾ. ಮೈಸೂರಿನ ಬೈಕುಗಳದು ಎರಡು ಸ್ಟ್ರೋಕ್ ಎಂಜಿನ್; ದಿವಿಶೋವ್‌ನ ಸ್ಪೀಡ್‌ವೇ ಯಂತ್ರ ಬೇರೆಯೇ ಜಾತಿ. ಆದರೂ ಲಾಂಛನ ಒಂದೇ. ಆರು ಬಾರಿ ವಿಶ್ವ ಚಾಂಪಿಯನ್ ಆದ ನ್ಯೂಜಿಲೆಂಡಿನ ಐವನ್ ಮೌಗರ್ 1970ರ ದಶಕದಲ್ಲಿ ಗೆದ್ದ ಪ್ರಶಸ್ತಿಗಳಲ್ಲಿ ಜಾವಾ ಪಾಲು ದೊಡ್ಡದು.

ತಿರುವಿನ ವಿದ್ಯೆ: ಓಟ ಸದಾ ಎಡಕ್ಕೆ. ನೇರ ದಾರಿಯಲ್ಲಿ ಗಂಟೆಗೆ ನೂರು ಕಿ.ಮೀ. ದಾಟಿದ ಬೈಕನ್ನು ತಿರುವಿನಲ್ಲಿ ನಿಧಾನಿಸುವುದು ಹೇಗೆ? ಸವಾರ ಬೈಕನ್ನು ಎಡಕ್ಕೆ ಬಾಗಿಸಿ, ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತಾನೆ. ಚಕ್ರ ಮಣ್ಣನ್ನು ಅಗೆದು ಹಿಂದಕ್ಕೆ ಎರಚುತ್ತ ಹೊರಬದಿಗೆ ಸರಿಯುತ್ತದೆ. ಮುಂದಿನ ಚಕ್ರ ಮಾತ್ರ ಬಲಕ್ಕೆ ತಿರುಗಿರುತ್ತದೆ. ಅಂದರೆ ಬೈಕು ಎಡಕ್ಕೆ ಸಾಗುತ್ತಿದ್ದರೂ ಹ್ಯಾಂಡಲ್ ಬಲಕ್ಕೆ. ಎಡಗಾಲಿನ ಬೂಟಿಗೆ ಕಟ್ಟಿದ ಉಕ್ಕಿನ ಅಟ್ಟೆ ನೆಲವನ್ನು ಸವರುತ್ತ ಸಮತೋಲ ಕಾಯುತ್ತದೆ. ಈ ಇಡೀ ಅವಧಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಬಿಡುವಂತಿಲ್ಲ. ಬಿಟ್ಟರೆ ಜಾರುತ್ತಿರುವ ಚಕ್ರ ಒಮ್ಮೆಲೇ ಹಿಡಿತ ಪಡೆದು ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ವೇಗ ಹೆಚ್ಚಿಸುವ ಕೀಲಿಯೇ ವೇಗ ತಗ್ಗಿಸುವ ಕೀಲಿಯೂ ಆಗಿರುವುದು ಈ ವಿದ್ಯೆಯ ಗುಟ್ಟು.

ಕರ್ನಾಟಕದಲ್ಲಿ ಸ್ಪೀಡ್‌ವೇ ಲೀಗ್ ಇಲ್ಲ. ಆದರೆ ಇದರ ಅಮೆರಿಕನ್ ಸೋದರನಾದ ಫ್ಲಾಟ್ ಟ್ರ್ಯಾಕ್ ಶೈಲಿಯ ಜಾರುವಿಕೆಯನ್ನು ಕಲಿಸುವ ಶಾಲೆಯನ್ನು ರಾಯಲ್ ಎನ್‌ಫೀಲ್ಡ್ ಕಂಪನಿ 2021ರಲ್ಲಿ ಆರಂಭಿಸಿದಾಗ ಆರಿಸಿಕೊಂಡದ್ದು ಕೋಲಾರದ ಬಿಗ್ ರಾಕ್ ಡರ್ಟ್ ಪಾರ್ಕನ್ನು. ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಕೆಮ್ಮಣ್ಣಿನ ಅಂಗಳ ಅದು.

ಅಂಗಳದ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಸುತ್ತಿನ ಉದ್ದ 260ರಿಂದ 425 ಮೀಟರ್. ಮೇಲ್ಪದರಕ್ಕೆ ಬಳಸುವುದು ಕಲ್ಲುಪುಡಿ, ಇಟ್ಟಿಗೆಪುಡಿ ಅಥವಾ ಜೇಡಿ ಮಿಶ್ರಿತ ಪುಡಿಗಲ್ಲು. ನೀರು ಕಡಿಮೆಯಾದರೆ ಧೂಳೆದ್ದು ಹಿಂದಿನ ಸವಾರನಿಗೆ ಕಣ್ಣು ಕಾಣದು. ಹೆಚ್ಚಾದರೆ ಗುಂಡಿ ಬೀಳುತ್ತದೆ. ಹಲವು ಓಟಗಳಿಗೊಮ್ಮೆ ಟ್ರ್ಯಾಕ್ಟರ್ ಇಳಿದು ಹೊರಬದಿಗೆ ಚದುರಿದ ಮಣ್ಣನ್ನು ಒಳಕ್ಕೆ ಎಳೆಯುತ್ತದೆ. ಕಂಬಳದ ಗದ್ದೆಯನ್ನು ಹದ ಮಾಡುವವರಿಗೆ ಈ ಕೆಲಸದ ಬೆಲೆ ಬಿಡಿಸಿ ಹೇಳಬೇಕಿಲ್ಲ. ತವರು ತಂಡದ ಸವಾರರಿಗೆ ತಮ್ಮ ಮಣ್ಣು ಯಾವ ಮೂಲೆಯಲ್ಲಿ ಹಿಡಿತ ಕೊಡುತ್ತದೆ, ಎಲ್ಲಿ ಜಾರಿಸುತ್ತದೆ ಎಂಬುದು ಕರತಲಾಮಲಕ. ಲೀಗ್ ಪಂದ್ಯಗಳಲ್ಲಿ ತವರು ತಂಡವೇ ಹೆಚ್ಚಾಗಿ ಗೆಲ್ಲುವುದಕ್ಕೆ ಇದೇ ಮುಖ್ಯ ಕಾರಣ.

ಅಂಕಗಳ ಲೆಕ್ಕ ಸುಲಭ. ಗೆದ್ದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಆರಂಭದ ಪಟ್ಟಿ ಮೇಲೇಳುವ ಮುನ್ನವೇ ಅದನ್ನು ಮುಟ್ಟಿದವನಿಗೆ ಶಿಕ್ಷೆ ಉಂಟು. ಹಳೆಯ ವಿಶ್ವ ಫೈನಲ್‌ಗಳಲ್ಲಿ 16 ಸವಾರರು 20 ಓಟಗಳಲ್ಲಿ ಪಾಲ್ಗೊಳ್ಳುತ್ತಿದ್ದರು. ಪ್ರತಿಯೊಬ್ಬನೂ ಉಳಿದ ಹದಿನೈದು ಮಂದಿಯನ್ನು ಒಂದೊಂದು ಬಾರಿ ಎದುರಿಸುವಂತೆ ಪಟ್ಟಿ ಹೊಂದಿಸಲಾಗುತ್ತಿತ್ತು. ಒಬ್ಬನಿಗೆ ಐದು ಓಟ, ಗರಿಷ್ಠ 15 ಅಂಕ. ಒಂದೇ ರಾತ್ರಿಯಲ್ಲಿ ಜಗಜ್ಜೇತ ಯಾರೆಂದು ತೀರ್ಮಾನ. 1995ರಲ್ಲಿ ಹಲವು ಸುತ್ತುಗಳ ಗ್ರ್ಯಾನ್ ಪ್ರಿ ಸರಣಿ ಬರುವವರೆಗೂ ಇದೇ ಪದ್ಧತಿ ನಡೆಯಿತು.

ಹುಟ್ಟೂರು: ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ವೆಸ್ಟ್ ಮೈಟ್‌ಲ್ಯಾಂಡ್ ಪಟ್ಟಣದ ಕೃಷಿ ಪ್ರದರ್ಶನ ಮೈದಾನದಲ್ಲಿ 1923ರ ಡಿಸೆಂಬರ್ 15ರ ರಾತ್ರಿ ವಿದ್ಯುದ್ದೀಪಗಳ ಬೆಳಕಿನಲ್ಲಿ ನಡೆದ ಓಟವನ್ನು ಈ ಕ್ರೀಡೆಯ ಆರಂಭವೆಂದು ಗುರುತಿಸುವುದು ರೂಢಿ. ಅದನ್ನು ಏರ್ಪಡಿಸಿದವರು ಸ್ಥಳೀಯ ಕೃಷಿ ಸಂಘದ ಕಾರ್ಯದರ್ಶಿ, ನ್ಯೂಜಿಲೆಂಡ್ ಮೂಲದ ಜಾನಿ ಹಾಸ್ಕಿನ್ಸ್. ಆದರೆ ಅದಕ್ಕೂ ಮೊದಲೇ ಅಮೆರಿಕದಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಕುದುರೆ ಓಟದ ಮಣ್ಣಿನ ಅಂಗಳಗಳಲ್ಲಿ ಮೋಟಾರ್ ಸೈಕಲ್‌ಗಳು ಓಡಿದ್ದವು. ಹೀಗಾಗಿ ‘ಮೊದಲಿಗ’ ಎಂಬ ಬಿರುದು ವಿವಾದಾತೀತವಲ್ಲ. ಆಟವನ್ನು ಟಿಕೆಟ್ ಕೊಟ್ಟು ನೋಡುವ ರಾತ್ರಿಯ ಮನರಂಜನೆಯಾಗಿ ರೂಪಿಸಿದವರಲ್ಲಿ ಹಾಸ್ಕಿನ್ಸ್ ಪ್ರಮುಖರು ಎಂದರೆ ತಪ್ಪಾಗಲಾರದು.

ಬ್ರಿಟನ್ನಿಗೆ ಈ ಜ್ವರ ಹತ್ತಿದ್ದು 1928ರ ಫೆಬ್ರುವರಿ 19ರಂದು. ಲಂಡನ್ ಹೊರವಲಯದ ಎಪ್ಪಿಂಗ್ ಕಾಡಿನ ಹೈ ಬೀಚ್ ಎಂಬಲ್ಲಿ, ಒಂದು ಪಾನಗೃಹದ ಹಿಂಬದಿಯ ಅಂಗಳದಲ್ಲಿ, ಇಲ್‌ಫರ್ಡ್ ಮೋಟಾರ್ ಸೈಕಲ್ ಕ್ಲಬ್ ಓಟ ಏರ್ಪಡಿಸಿತು. ಮೂರು ಸಾವಿರ ಜನ ಬರಬಹುದೆಂದು ಅಂದಾಜಿಸಿದ್ದ ಕಡೆಗೆ ಮೂವತ್ತು ಸಾವಿರ ಜನ ಹರಿದುಬಂದರು ಎಂದು ಹೇಳಲಾಗುತ್ತದೆ. ಮರುವರ್ಷವೇ ಲೀಗ್ ಆರಂಭವಾಯಿತು.

ಆ ಮೊದಲ ವರ್ಷಗಳಲ್ಲಿ ಮಹಿಳೆಯರೂ ಅಂಗಳಕ್ಕಿಳಿದಿದ್ದರು ಎಂಬುದು ಇಂದು ಹಲವರಿಗೆ ತಿಳಿಯದ ಸಂಗತಿ. ಐರ್ಲೆಂಡಿನ ಫೇ ಟೇಲರ್ ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹೆಸರಾಂತ ಪುರುಷ ಸವಾರರನ್ನೇ ಸೋಲಿಸಿ ಬಂದರು. 1930ರಲ್ಲಿ ಬ್ರಿಟನ್ನಿನಲ್ಲಿ ಮಹಿಳೆಯರನ್ನು ಈ ಕ್ರೀಡೆಯಿಂದ ನಿಷೇಧಿಸಲಾಯಿತು. ಸೋಲಿಸಲಾಗದವರನ್ನು ಹೊರಗಟ್ಟುವುದು ಸುಲಭದ ದಾರಿ. ಟೇಲರ್ ಕಾರುಗಳತ್ತ ತಿರುಗಿದರು. ಫ್ಯಾಸಿಸ್ಟ್ ಒಲವಿನ ಕಾರಣ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರನ್ನು ಬಂಧನದಲ್ಲಿಡಲಾಗಿತ್ತು. ಬಿಡುಗಡೆಯ ಬಳಿಕ ಅವರು ಮತ್ತೆ ಮಣ್ಣಿನ ಅಂಗಳಕ್ಕೇ ಮರಳಿದರು, ಈ ಬಾರಿ ಮಿಡ್ಜೆಟ್ ಕಾರಿನಲ್ಲಿ.

ವೆಂಬ್ಲಿಯ ದಿನಗಳು: 1936ರ ಸೆಪ್ಟೆಂಬರ್ 10ರಂದು ವೆಂಬ್ಲಿಯಲ್ಲಿ ನಡೆದ ಮೊದಲ ವಿಶ್ವ ಫೈನಲ್ ಇಂದಿಗೂ ಚರ್ಚೆಗೆ ವಸ್ತು. ಆಸ್ಟ್ರೇಲಿಯಾದ ಬ್ಲೂಯಿ ವಿಲ್ಕಿನ್ಸನ್ ಅಂದು ತನ್ನ ಐದೂ ಓಟಗಳನ್ನು ಗೆದ್ದರು. ಆದರೂ ಚಾಂಪಿಯನ್ ಆಗಲಿಲ್ಲ! ಅರ್ಹತಾ ಸುತ್ತುಗಳ ಬೋನಸ್ ಅಂಕಗಳನ್ನು ಸೇರಿಸುವ ನಿಯಮವಿದ್ದುದರಿಂದ ಅವರು ಮೂರನೆಯ ಸ್ಥಾನಕ್ಕೆ ಇಳಿದರು. ಸಮನಾಗಿ ನಿಂತ ಇಬ್ಬರ ನಡುವಿನ ನಿರ್ಣಾಯಕ ಓಟದಲ್ಲಿ ಇಂಗ್ಲೆಂಡಿನ ಎರಿಕ್ ಲ್ಯಾಂಗ್ಟನ್‌ರನ್ನು ಹಿಂದಿಕ್ಕಿದ ಆಸ್ಟ್ರೇಲಿಯಾದ ಲಯೊನೆಲ್ ವಾನ್ ಪ್ರಾಗ್ ಪ್ರಥಮ ವಿಶ್ವವಿಜೇತರಾದರು. ವಿಲ್ಕಿನ್ಸನ್ 1938ರಲ್ಲಿ ಕೊನೆಗೂ ಪ್ರಶಸ್ತಿ ಪಡೆದರು. ಎರಡು ವರ್ಷದಲ್ಲಿ ರಸ್ತೆ ಅಪಘಾತವೊಂದರಲ್ಲಿ ತೀರಿಕೊಂಡರು.

ಯುದ್ಧ ಮುಗಿದ ನಂತರದ ಕೆಲವು ವರ್ಷ ಬ್ರಿಟನ್ನಿನಲ್ಲಿ ಸ್ಪೀಡ್‌ವೇಗೆ ಸುಗ್ಗಿ. ದುಡಿದು ದಣಿದ ಕಾರ್ಮಿಕ ಕುಟುಂಬಗಳಿಗೆ ಬಸ್ಸಿನಲ್ಲಿ ಹೋಗಿ ಸಂಜೆ ನೋಡಿ ಬರಬಹುದಾದ ಆಟವಿದು. ಆಮೇಲೆ ಮನರಂಜನಾ ತೆರಿಗೆಯ ಹೊರೆ, ಮನೆಮನೆಗೆ ಬಂದ ಟಿ.ವಿ. ಎರಡೂ ಸೇರಿ ಗೇಟಿನ ಆದಾಯವನ್ನು ಕಡಿದುಹಾಕಿದವು. ವೆಂಬ್ಲಿಯ ಯಜಮಾನ ಸರ್ ಆರ್ಥರ್ ಎಲ್ವಿನ್ 1957ರಲ್ಲಿ ನಿಧನರಾದಾಗ ಅವರ ವೆಂಬ್ಲಿ ಲಯನ್ಸ್ ತಂಡವೂ ನಿಂತುಹೋಯಿತು. ಆ ಕ್ರೀಡಾಂಗಣದಲ್ಲಿ ಕೊನೆಯ ವಿಶ್ವ ಫೈನಲ್ ನಡೆದದ್ದು 1981ರಲ್ಲಿ; ಗೆದ್ದವರು ಅಮೆರಿಕದ ಬ್ರೂಸ್ ಪೆನ್‌ಹಾಲ್.

ಅದೇ ಮಣ್ಣಿನಲ್ಲಿ ಕಾರುಗಳು: ಕ್ರೀಡಾಂಗಣದ ಮಾಲೀಕರಿಗೆ ವಾರಕ್ಕೊಂದು ಬೈಕ್ ಪಂದ್ಯದಿಂದ ಹೊಟ್ಟೆ ತುಂಬುವುದಿಲ್ಲ. ಉಳಿದ ರಾತ್ರಿಗಳಿಗೆ ಕಾರುಗಳು ಬಂದವು. 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಿಡ್ಜೆಟ್ ಎಂಬ ಕುಳ್ಳ ಕಾರುಗಳು ಬೇಗನೆ ಆಸ್ಟ್ರೇಲಿಯಾ ತಲುಪಿದವು. ಅಲ್ಲಿ ಇಂದಿಗೂ ‘ಸ್ಪೀಡ್‌ವೇ’ ಎಂದರೆ ಬೈಕ್ ಮಾತ್ರವಲ್ಲ, ಮಣ್ಣಿನ ಅಂಡಾಕಾರದಲ್ಲಿ ಓಡುವ ಎಲ್ಲವೂ. ಫಾರ್ಮುಲಾ ಒನ್‌ನಲ್ಲಿ 1959, 1960 ಮತ್ತು 1966ರಲ್ಲಿ ಚಾಂಪಿಯನ್ ಆದ ಜಾಕ್ ಬ್ರ್ಯಾಭಮ್ ಓಟದ ಮೊದಲ ಪಾಠ ಕಲಿತದ್ದು ಸಿಡ್ನಿಯ ಮಣ್ಣಿನ ಅಂಗಳಗಳಲ್ಲಿ, ಇಂಥದೊಂದು ಮಿಡ್ಜೆಟ್ ಕಾರಿನಲ್ಲಿ.

ಬ್ರಿಟನ್ನಿಗೆ ಸ್ಟಾಕ್ ಕಾರ್ ಓಟ ಬಂದದ್ದು 1954ರ ಗುಡ್ ಫ್ರೈಡೆಯಂದು, ಲಂಡನ್ನಿನ ನ್ಯೂ ಕ್ರಾಸ್ ಸ್ಪೀಡ್‌ವೇ ಅಂಗಳಕ್ಕೆ. ಇಲ್ಲಿ ಮುಂದಿನ ಕಾರನ್ನು ಬಂಪರಿನಿಂದ ಗುದ್ದಿ ದಾರಿ ಮಾಡಿಕೊಳ್ಳುವುದು ತಪ್ಪಲ್ಲ, ಅದೇ ಆಟ. ಕಾರಿನ ಚಾವಣಿಯ ಬಣ್ಣವೇ ಚಾಲಕನ ದರ್ಜೆ: ಬಿಳಿ ಹೊಸಬರಿಗೆ, ಕೆಂಪು ಪಳಗಿದವರಿಗೆ, ಚಿನ್ನದ ಬಣ್ಣ ವಿಶ್ವ ಚಾಂಪಿಯನ್‌ಗೆ. ನಿಧಾನದವರು ಮುಂದೆ, ವೇಗದವರು ಹಿಂದೆ ನಿಂತು ಓಟ ಆರಂಭಿಸುತ್ತಾರೆ. ಮೊದಲ ಸುತ್ತಿನಿಂದಲೇ ಘರ್ಷಣೆ ಖಚಿತ.

ಅಮೆರಿಕದ ಸ್ಪ್ರಿಂಟ್ ಕಾರುಗಳದು ಇನ್ನೊಂದೇ ಲೋಕ. ಅಯೊವಾ ರಾಜ್ಯದ ನಾಕ್ಸ್‌ವಿಲ್‌ನಲ್ಲಿ 1961ರಿಂದ ನಡೆಯುತ್ತ ಬಂದಿರುವ ನ್ಯಾಷನಲ್ಸ್ ಅವರ ಮಹಾಜಾತ್ರೆ. 6.7 ಲೀಟರಿನ ವಿ-8 ಎಂಜಿನ್, ಸುಮಾರು 900 ಅಶ್ವಶಕ್ತಿ, ಬೆನ್ನ ಮೇಲೆ ದೊಡ್ಡ ರೆಕ್ಕೆ. ಬಲ ಹಿಂಚಕ್ರ ಎಡದ್ದಕ್ಕಿಂತ ದೊಡ್ಡದಾಗಿರುವುದರಿಂದ ಕಾರು ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಸ್ಟಾರ್ಟರ್ ಇಲ್ಲದ ಕಾರಣ ಇನ್ನೊಂದು ವಾಹನ ಹಿಂದಿನಿಂದ ತಳ್ಳಿಯೇ ಎಂಜಿನ್ ಎಬ್ಬಿಸಬೇಕು. ಇಂಧನ ಇಲ್ಲಿಯೂ ಮೆಥನಾಲ್.

ತೆತ್ತ ಬೆಲೆ: ಮ್ಯಾಂಚೆಸ್ಟರಿನ ಬೆಲ್ ವ್ಯೂ ತಂಡದ ಪೀಟರ್ ಕ್ರೇವನ್ ಪುಟ್ಟ ಮೈಕಟ್ಟಿನ, ಅಸಾಧಾರಣ ಸಮತೋಲದ ಸವಾರ. 1955 ಮತ್ತು 1962ರ ವಿಶ್ವ ಚಾಂಪಿಯನ್. 1963ರ ಸೆಪ್ಟೆಂಬರ್ 20ರಂದು ಎಡಿನ್‌ಬರೋದಲ್ಲಿ ತಮ್ಮ ಮುಂದೆ ಬಿದ್ದ ಎದುರಾಳಿಯ ಮೇಲೆ ಬೈಕ್ ಹರಿಯದಂತೆ ಬದಿಗೆ ತಿರುಗಿಸಿದ ಕ್ರೇವನ್ ಬೇಲಿಗೆ ಅಪ್ಪಳಿಸಿದರು. ನಾಲ್ಕು ದಿನಗಳ ಬಳಿಕ ಕೊನೆಯುಸಿರೆಳೆದಾಗ ಅವರಿಗೆ 29 ವರ್ಷ. ಬಿದ್ದ ಎದುರಾಳಿ ಬದುಕುಳಿದರು. 2012ರ ಮೇ 13ರಂದು ಪೋಲೆಂಡಿನ ವ್ರೊಟ್ಸ್ವಾಫ್‌ನಲ್ಲಿ ಇಂಗ್ಲೆಂಡಿನ ಲೀ ರಿಚರ್ಡ್‌ಸನ್ ಇದೇ ರೀತಿ ಬೇಲಿಗೆ ಬಡಿದು ಮೃತಪಟ್ಟರು. ಕಿರಿಯರ ವಿಭಾಗದಲ್ಲಿ ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ 2015ರ ಆಗಸ್ಟ್‌ನಲ್ಲಿ ಬೆನ್ನುಹುರಿಗೆ ಪೆಟ್ಟಾಗಿ 23ನೆಯ ವಯಸ್ಸಿಗೇ ಗಾಲಿಕುರ್ಚಿ ಹಿಡಿದರು. ಗಾಳಿ ತುಂಬಿದ ಮೆತ್ತನೆಯ ತಡೆಗೋಡೆಗಳು ಬಂದ ಮೇಲೆ ಎಷ್ಟೋ ಜೀವಗಳು ಉಳಿದಿವೆ ಎಂಬುದು ನಿಜ. ಆದರೆ ಅವು ತಿರುವುಗಳನ್ನು ಕಾಯುತ್ತವೆ. ಬೈಕು ಬೈಕಿಗೆ ತಗಲುವುದನ್ನು ಯಾವ ಗೋಡೆಯೂ ತಡೆಯದು.

ಪೋಲೆಂಡಿನ ದಾರಿ: ಇಂದು ಜಗತ್ತಿನ ಅತ್ಯಂತ ಬಲಿಷ್ಠ, ಅತ್ಯಂತ ಶ್ರೀಮಂತ ಸ್ಪೀಡ್‌ವೇ ಲೀಗ್ ಪೋಲೆಂಡಿನ ಎಕ್ಸ್‌ಟ್ರಾಲಿಗಾ. ಲೆಶ್ನೊ, ಗೊಜೂಫ್, ಟೊರುನ್, ಲುಬ್ಲಿನ್‌ನಂಥ ಮಧ್ಯಮ ಗಾತ್ರದ ಊರುಗಳು ಅದರ ಬೆನ್ನೆಲುಬು. ಅಲ್ಲಿನ ಬಹುತೇಕ ಕ್ರೀಡಾಂಗಣಗಳು ನಗರಾಡಳಿತದ ಸ್ವತ್ತು. ಟೊರುನ್ ನಗರಸಭೆ ಸ್ಪೀಡ್‌ವೇಗೆಂದೇ ಕಟ್ಟಿಸಿದ ಮೋಟೊಅರೀನಾ 2009ರಲ್ಲಿ ಆರಂಭವಾಯಿತು. ನೆಲ ಊರಿನದ್ದಾದಾಗ ಅದನ್ನು ಮಾರುವ ಆತುರ ಯಾರಿಗೂ ಇರುವುದಿಲ್ಲ. ಗೊಜೂಫ್ ತಂಡದಲ್ಲಿ ಬೆಳೆದ ಬಾರ್ತೋಶ್ ಜ್ಮಾರ್ಜ್ಲಿಕ್ 2019, 2020, 2022, 2023, 2024 ಮತ್ತು 2025ರಲ್ಲಿ ವಿಶ್ವ ಪ್ರಶಸ್ತಿ ಗೆದ್ದು, ಐವನ್ ಮೌಗರ್ ಹಾಗೂ ಸ್ವೀಡನ್ನಿನ ಟೋನಿ ರಿಕಾರ್ಡ್‌ಸನ್‌ರ ಆರು ಪ್ರಶಸ್ತಿಗಳ ದಾಖಲೆಯನ್ನು ಸರಿಗಟ್ಟಿದರು. 2025ರಲ್ಲಿ ಆಸ್ಟ್ರೇಲಿಯಾದ ಬ್ರೇಡಿ ಕರ್ಟ್ಜ್ ಅವರಿಗಿಂತ ಹಿಂದುಳಿದದ್ದು ಕೇವಲ ಒಂದು ಅಂಕದಿಂದ. ನಡುವಿನ 2021ರ ಚಾಂಪಿಯನ್, ರಷ್ಯಾದ ಆರ್ತ್ಯೊಮ್ ಲಗುತಾ, ಉಕ್ರೇನ್ ಮೇಲಿನ ಆಕ್ರಮಣದ ಬಳಿಕ ರಷ್ಯನ್ ಸವಾರರ ಮೇಲೆ ಹೇರಿದ ನಿಷೇಧದಿಂದಾಗಿ 2022ರಲ್ಲಿ ಪ್ರಶಸ್ತಿ ಉಳಿಸಿಕೊಳ್ಳಲು ಕಣಕ್ಕೇ ಇಳಿಯಲಾಗಲಿಲ್ಲ.

ಹಣ, ಜನ ಎರಡೂ ಇದ್ದರೂ ಮಣ್ಣು ಕೈಕೊಟ್ಟರೆ ಏನೂ ಉಳಿಯದು ಎಂಬುದಕ್ಕೆ ಪೋಲೆಂಡೇ ಸಾಕ್ಷಿ. 2015ರ ಏಪ್ರಿಲ್ 18ರಂದು ವಾರ್ಸಾದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ತಾತ್ಕಾಲಿಕವಾಗಿ ಮಣ್ಣು ಹಾಸಿ ಗ್ರ್ಯಾನ್ ಪ್ರಿ ಏರ್ಪಡಿಸಲಾಗಿತ್ತು. 2010ರ ವಿಶ್ವ ಚಾಂಪಿಯನ್ ತೊಮಾಶ್ ಗೊಲ್ಲೊಬ್ ಅವರಿಗೆ ಬೀಳ್ಕೊಡುಗೆಯ ರಾತ್ರಿ ಅದು. ಆರಂಭದ ಗೇಟು ಕೆಟ್ಟಿತು, ಅಂಗಳ ಕಿತ್ತುಬಂತು. 12 ಓಟಗಳ ನಂತರ ಪಂದ್ಯವನ್ನೇ ನಿಲ್ಲಿಸಬೇಕಾಯಿತು. ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಹೊಸದಾಗಿ ಕಟ್ಟಿದ ರಾಷ್ಟ್ರೀಯ ಸ್ಪೀಡ್‌ವೇ ಕ್ರೀಡಾಂಗಣದ ಉದ್ಘಾಟನಾ ಪಂದ್ಯವೂ ಅಂಗಳ ಸರಿಯಿಲ್ಲವೆಂದು ರದ್ದಾಯಿತು.

ನೆಲದ ಬೆಲೆ: ಬ್ರಿಟನ್ನಿನ ಚಿತ್ರ ಬೇರೆ. ಅಲ್ಲಿ ಕ್ರೀಡಾಂಗಣಗಳು ಹೆಚ್ಚಾಗಿ ಖಾಸಗಿಯವರ ಕೈಯಲ್ಲಿ. ಸ್ಪೀಡ್‌ವೇ ತಂಡ ಬರಿಯ ಬಾಡಿಗೆದಾರ. ಲಂಡನ್ನಿನ ವಿಂಬಲ್ಡನ್ ಅಂಗಳದಲ್ಲಿ 1928ರಲ್ಲಿ ಶುರುವಾದ ಸ್ಪೀಡ್‌ವೇ 2005ರಲ್ಲಿ ಅಂತ್ಯಗೊಂಡಿತು. ಸ್ಟಾಕ್ ಕಾರುಗಳು 2017ರ ವರೆಗೆ ಓಡಿದವು. ಆ ಜಾಗದಲ್ಲಿ 2020ರಲ್ಲಿ ಫುಟ್‌ಬಾಲ್ ಕ್ರೀಡಾಂಗಣ ತೆರೆಯಿತು, ಸುತ್ತ ವಸತಿ ಸಮುಚ್ಚಯಗಳು ಎದ್ದವು. ಸ್ವಿಂಡನ್‌ನಲ್ಲಿ ಕೊನೆಯ ಋತು 2019. ಪೀಟರ್‌ಬರೋ ಮತ್ತು ವುಲ್ವರ್‌ಹ್ಯಾಂಪ್ಟನ್ ಎರಡೂ 2023ರಲ್ಲಿ ತಮ್ಮ ಅಂಗಳ ಕಳೆದುಕೊಂಡವು. ಕ್ರೀಡಾಂಗಣದ ಬದಿಗೆ ಹೊಸ ಮನೆಗಳು ಬಂದರೆ ಸದ್ದಿನ ದೂರು, ಧೂಳಿನ ದೂರು. ಮೊದಲು ಬಂದವರು ಯಾರೆಂಬ ಪ್ರಶ್ನೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸಿಡ್ನಿಯಲ್ಲಿ ನಡೆದದ್ದು ಸ್ವಲ್ಪ ಭಿನ್ನ. 1977ರಲ್ಲಿ ತೆರೆದ ಪ್ಯಾರಮಟ್ಟ ಸ್ಪೀಡ್‌ವೇ ಅಂಗಳವನ್ನು ಮೆಟ್ರೊ ರೈಲು ನಿಲುಗಡೆಯ ಯಾರ್ಡಿಗಾಗಿ ಸರ್ಕಾರ ವಶಪಡಿಸಿಕೊಂಡಿತು. 2021ರಲ್ಲಿ ಅಲ್ಲಿ ಕೊನೆಯ ಓಟ. ಆದರೆ ಬದಲಿಗೆ ಈಸ್ಟರ್ನ್ ಕ್ರೀಕ್‌ನಲ್ಲಿ ಹೊಸ ಮಣ್ಣಿನ ಅಂಗಳವನ್ನು ಸರ್ಕಾರವೇ ಕಟ್ಟಿಕೊಟ್ಟು 2022ರಲ್ಲಿ ತೆರೆಯಿತು. ಮೆಟ್ರೊಗಾಗಿ ಮೈದಾನ, ಮರ ಕಳೆದುಕೊಂಡ ಬೆಂಗಳೂರಿನವರು ಇದನ್ನು ಗಮನಿಸಬಹುದು.

ಕವೆಂಟ್ರಿ ಹೊರವಲಯದ ಬ್ರ್ಯಾಂಡನ್ ಕ್ರೀಡಾಂಗಣದ ವ್ಯಾಜ್ಯ ಇವೆಲ್ಲಕ್ಕಿಂತ ದೀರ್ಘವಾದುದು. 1928ರಿಂದ ಸ್ಪೀಡ್‌ವೇ ಕಂಡ, ಸ್ಟಾಕ್ ಕಾರ್ ವಿಶ್ವ ಫೈನಲ್‌ಗಳಿಗೂ ಆತಿಥ್ಯ ನೀಡಿದ ಅಂಗಳ ಅದು. 2016ರ ನಂತರ ಅಲ್ಲಿ ಓಟ ನಡೆದಿಲ್ಲ. ನೆಲದ ಮಾಲೀಕ ಸಂಸ್ಥೆ ಮನೆ ಕಟ್ಟಲು ಅರ್ಜಿ ಹಾಕಿತು. ಕವೆಂಟ್ರಿ ಬೀಸ್ ತಂಡದ ಅಭಿಮಾನಿಗಳು ದಾಖಲೆ ಕಲೆಹಾಕಿ, ಸಭೆಯಿಂದ ಸಭೆಗೆ ಅಲೆದು ವಿರೋಧಿಸಿದರು. ರಗ್ಬಿ ಪಟ್ಟಣದ ಆಡಳಿತ 2022ರ ನವೆಂಬರ್‌ನಲ್ಲಿ ಅನುಮತಿ ನಿರಾಕರಿಸಿತು; ಮಾಲೀಕರ ಮೇಲ್ಮನವಿಯೂ ತಿರಸ್ಕೃತವಾಯಿತು. ಅಷ್ಟರಲ್ಲಿ ಕಾವಲಿಲ್ಲದ ಕಟ್ಟಡಕ್ಕೆ ಹಲವು ಬಾರಿ ಬೆಂಕಿ ಬಿದ್ದು ಪ್ರೇಕ್ಷಕರ ಗ್ಯಾಲರಿ ಸುಟ್ಟು ಹಾಳಾಗಿತ್ತು. ಮನೆ ಕಟ್ಟುವಂತಿಲ್ಲ ಎಂಬ ತೀರ್ಪು ಅಭಿಮಾನಿಗಳ ಕೈಯಲ್ಲಿದೆ. ನೆಲದ ಪತ್ರ ಮಾತ್ರ ಮಾಲೀಕರ ಹೆಸರಿನಲ್ಲೇ ಇತ್ತು.